ಈಗ ಇಲ್ಲಿ ಸೇರಿ, ಮುಂದಿನ ವರ್ಷ ಅಲ್ಲಿಗೆ ಹೋಗಲೇ?

ಪ್ರಶ್ನೆ: ಮೇಡಂ, ಸಂಖ್ಯಾಶಾಸ್ತ್ರ ಓದಬೇಕು ಅನ್ನುವುದು ನನಗೆ ಒಂಬತ್ತನೇ ತರಗತಿಯಿಂದ ಇರುವ ಆಸೆ. ಅದಕ್ಕೆ ಹೆಸರಾದ ಕಾಲೇಜಿಗೆ ಅರ್ಜಿ ಹಾಕಿದ್ದೆ, ಸೀಟು ಸಿಗಲಿಲ್ಲ. ಇನ್ನೊಂದು ಕಾಲೇಜಿನಲ್ಲಿ ಗಣಿತಕ್ಕೆ ಸೀಟು ಸಿಕ್ಕಿದೆ. ಅರ್ಧ ಶುಲ್ಕ ವಿದ್ಯಾರ್ಥಿವೇತನದಲ್ಲೇ ಹೋಗುತ್ತದೆ. ಅಲ್ಲಿ ಸಂಖ್ಯಾಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗವಿಲ್ಲ, ಕೆಲವು ಪೇಪರ್‌ಗಳಿವೆ ಅಷ್ಟೆ. ಅಪ್ಪ ‘ಈಗ ಸೇರು, ಒಂದು ವರ್ಷ ಕಳೆದ ಮೇಲೆ ಬದಲಾಯಿಸಿಕೊಂಡರಾಯಿತು’ ಅನ್ನುತ್ತಾರೆ. ಅಣ್ಣ ‘ಸರ್ಟಿಫಿಕೇಟ್ ಮೇಲೆ ಬರುವುದು ಕೊನೆಯ ಕಾಲೇಜಿನ ಹೆಸರು ತಾನೇ’ ಅನ್ನುತ್ತಾನೆ. ಅಮ್ಮ ಮಾತ್ರ ‘ಒಂದು ವರ್ಷ ಕಾದು ಮತ್ತೆ ಅರ್ಜಿ ಹಾಕು’ ಅನ್ನುತ್ತಾಳೆ. ಬಿಟ್ಟು ಹೋಗುವ ಮನಸ್ಸಿಟ್ಟುಕೊಂಡೇ ಒಂದು ಕಾಲೇಜಿಗೆ ಸೇರುವುದು ಸರಿಯೇ? ಹಾಗೆ ಸೇರಿದರೆ ಮೊದಲ ದಿನದಿಂದ ಏನು ಮಾಡಬೇಕು?

ಉತ್ತರ: ನಿನ್ನ ಪತ್ರ ಓದಿದಾಗ ನನಗೆ ನನ್ನ ಟ್ರಂಕು ನೆನಪಾಯಿತು. ಹದಿನೆಂಟನೆಯ ವಯಸ್ಸಿನಲ್ಲಿ ನಾನೂ ನಿನ್ನ ಹಾಗೆಯೇ, ‘ಒಂದೇ ವರ್ಷ’ ಅಂದುಕೊಂಡು ಒಂದು ಕಾಲೇಜಿಗೆ ಸೇರಿದೆ. ಹಾಸ್ಟೆಲ್ ಕೋಣೆಯಲ್ಲಿ ಮಂಚದ ಕೆಳಗೆ ಟ್ರಂಕು ಇಟ್ಟೆ. ಬೇಕಾದ ಬಟ್ಟೆ ಮಾತ್ರ ಮೇಲಿನಿಂದ ತೆಗೆದುಕೊಳ್ಳುತ್ತಿದ್ದೆ, ಅಡಿಯಲ್ಲಿದ್ದದ್ದು ಅಡಿಯಲ್ಲೇ ಇತ್ತು. ಗೋಡೆಯ ಗೂಡು ಖಾಲಿ. ಹೇಗೂ ಹೋಗುವವಳಲ್ಲವೇ ಅಂತ ಗಣಿತ ಸಂಘಕ್ಕೆ ಸೇರಲಿಲ್ಲ, ಪಕ್ಕದ ಕೋಣೆಯವರ ಹೆಸರು ಕೇಳಲಿಲ್ಲ, ತರಗತಿಯಲ್ಲಿ ಬಾಗಿಲ ಹತ್ತಿರದ ಬೆಂಚು ಹಿಡಿದೆ. ವರ್ಗಾವಣೆ ಅರ್ಜಿಗೆ ಒಬ್ಬ ಅಧ್ಯಾಪಕರ ಶಿಫಾರಸು ಪತ್ರ ಬೇಕಿತ್ತು. ನಮಗೆ ಪಾಠ ಮಾಡುತ್ತಿದ್ದ ಮೇಷ್ಟ್ರ ಹತ್ತಿರ ಹೋದೆ. ಅವರು ಸಿಟ್ಟಾಗಲಿಲ್ಲ, ತುಂಬ ಸೌಜನ್ಯದಿಂದಲೇ ಹಾಜರಿ ಪುಸ್ತಕ ತೆಗೆದು, ಬೆರಳಿಟ್ಟು ಕೆಳಗಿಳಿಸುತ್ತ ನನ್ನ ಹೆಸರು ಹುಡುಕಿದರು. ಆಮೇಲೆ ಕೇಳಿದರು: ‘ನೀನು ಎಲ್ಲಿ ಕೂರ್ತಿದ್ದೆಯಮ್ಮಾ?’

ಆ ವರ್ಗಾವಣೆ ನನಗೆ ಸಿಗಲಿಲ್ಲ. ಮುಂದೆ ನಾನು ಕೆಲಸಕ್ಕೆ ಸೇರಿದ್ದು ಇಂಥ ಅರ್ಜಿಗಳು ಬಂದು ಬೀಳುವ ಮೇಜಿಗೇ. ಬೇರೆ ಕಾಲೇಜುಗಳಿಂದ ಬಂದ ಅಂಕಪಟ್ಟಿ, ಸಿಲಬಸ್‌ಗಳನ್ನು ನಮ್ಮ ಸಿಲಬಸ್ ಜೊತೆ ಸಾಲು ಸಾಲಾಗಿ ಹೋಲಿಸಿ ‘ಇದು ಸಲ್ಲುತ್ತದೆ, ಇದು ಸಲ್ಲುವುದಿಲ್ಲ’ ಎಂದು ಬರೆಯುವುದು ಇಪ್ಪತ್ತಾರು ವರ್ಷ ನನ್ನ ಕೆಲಸವಾಗಿತ್ತು. ಹಾಗಾಗಿ ನಿನಗೆ ಎರಡೂ ಕಡೆಯಿಂದ ಹೇಳಬಲ್ಲೆ.

ಮೊದಲು ಅಪ್ಪನ ಮಾತು. ‘ಬದಲಾಯಿಸಿಕೊಂಡರಾಯಿತು’ ಅನ್ನುವಷ್ಟು ಹಗುರವಾದ ಕೆಲಸ ಇದಲ್ಲ. ಈ ದಾರಿಯನ್ನು ಬೇರೆಲ್ಲರಿಗಿಂತ ಹೆಚ್ಚು ವ್ಯವಸ್ಥಿತವಾಗಿ ಕಟ್ಟಿಕೊಂಡಿರುವುದು ಅಮೆರಿಕ. ಅಲ್ಲಿ ಎರಡು ವರ್ಷದ ಸಮುದಾಯ ಕಾಲೇಜಿನಲ್ಲಿ ಶುರುಮಾಡಿ ವಿಶ್ವವಿದ್ಯಾಲಯಕ್ಕೆ ಹೋಗುವುದು ಒಂದು ರಾಜಮಾರ್ಗವೇ. ಆದರೂ ಆ ಕಾಲೇಜುಗಳಿಗೆ ಸೇರುವ ಹತ್ತರಲ್ಲಿ ಸುಮಾರು ಎಂಟು ಜನ ‘ಮುಂದೆ ಪದವಿ ಮಾಡುತ್ತೇನೆ’ ಅಂದುಕೊಂಡೇ ಸೇರಿದರೂ, ನಿಜಕ್ಕೂ ವರ್ಗಾವಣೆಯಾಗುವವರು ಮೂರನೇ ಒಂದು ಭಾಗದಷ್ಟು. ಆರು ವರ್ಷದೊಳಗೆ ಪದವಿ ಕೈಗೆ ಬರುವುದು ನೂರರಲ್ಲಿ ಹದಿನಾರು ಜನಕ್ಕೆ. ದುಡ್ಡಿನ ತೊಂದರೆ, ಮನೆಯ ಕಷ್ಟ, ನೌಕರಿ, ಕಾರಣ ನೂರು ಇರುತ್ತವೆ. ನಿನ್ನನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಯೋಜನೆ ಕೈಕೊಟ್ಟರೂ ನೀನು ನಿಂತಿರುವ ನೆಲ ಗಟ್ಟಿಯಿರಬೇಕು, ಅದಕ್ಕೆ ಹೇಳುತ್ತಿದ್ದೇನೆ.

ಆದ್ದರಿಂದ ನಿನಗೆ ನನ್ನ ಮೊದಲ ಪ್ರಶ್ನೆ ಇದು: ವರ್ಗಾವಣೆ ಸಿಗಲೇ ಇಲ್ಲ ಅಂತಿಟ್ಟುಕೋ. ಆ ಕಾಲೇಜಿನಲ್ಲೇ, ಗಣಿತದಲ್ಲೇ ಪದವಿ ಮುಗಿಸಲು ನಿನ್ನ ಮನಸ್ಸು ಒಪ್ಪುತ್ತದೆಯೇ? ‘ಬೇಜಾರಾಗುತ್ತೆ, ಆದರೆ ಓದುತ್ತೇನೆ’ ಅನ್ನುವ ಉತ್ತರ ಬಂದರೂ ಸಾಕು, ಸೇರು. ‘ಅಲ್ಲಿ ಮೂರ್ನಾಲ್ಕು ವರ್ಷವೇ? ಸಾಧ್ಯವೇ ಇಲ್ಲ’ ಅಂತ ಹೊಟ್ಟೆಯೊಳಗಿಂದ ಬಂದರೆ ಅಮ್ಮನ ಮಾತು ಕೇಳು. ಬಿಟ್ಟುಹೋಗುವುದೊಂದೇ ಭರವಸೆಯ ಮೇಲೆ ಸೇರಿದವರು ನಮ್ಮ ಮೇಜಿನ ಮುಂದೆ ನಿಂತಾಗ ಅವರ ಮುಖ ಹೇಗಿರುತ್ತಿತ್ತು ಅನ್ನುವುದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಸೇರುವುದು ಅಂತ ತೀರ್ಮಾನ ಮಾಡಿದೆ ಅಂದುಕೊಳ್ಳೋಣ. ಆಗ ನೀನು ತಿಳಿದುಕೊಳ್ಳಬೇಕಾದ, ಯಾರೂ ಬಾಯಿಬಿಟ್ಟು ಹೇಳದ ಒಂದು ಮಾತಿದೆ. ನಿನ್ನ ಹತ್ತಿರ ಒಂದು ವರ್ಷ ಇದೆ ಅಂದುಕೊಂಡಿದ್ದೀಯ. ನಿಜಕ್ಕೂ ಇರುವುದು ಒಂದೇ ಸೆಮಿಸ್ಟರ್. ಎರಡನೇ ವರ್ಷಕ್ಕೆ ಹೋಗಬೇಕಾದರೆ ಅರ್ಜಿಯನ್ನು ಎರಡನೇ ಸೆಮಿಸ್ಟರ್ ನಡೆಯುತ್ತಿರುವಾಗಲೇ ಹಾಕಬೇಕಾಗುತ್ತದೆ. ಆ ಹೊತ್ತಿಗೆ ನಿನ್ನ ಅಂಕಪಟ್ಟಿಯಲ್ಲಿರುವುದು ಮೊದಲ ಸೆಮಿಸ್ಟರಿನ ಅಂಕ ಮಾತ್ರ. ಅದರ ಜೊತೆಗೆ ಅವರು ನೋಡುವುದು ಶಾಲೆಯ ಅಂಕಗಳನ್ನೇ, ಅಂದರೆ ಈ ಸಲ ನಿನಗೆ ಸೀಟು ತಪ್ಪಿಸಿದ ಅದೇ ಅಂಕಗಳನ್ನು. ಎರಡು ವರ್ಷ ಓದಿ ಅರ್ಜಿ ಹಾಕಿದವರಿಗೆ ಕಾಲೇಜಿನ ಅಂಕಗಳ ತೂಕ ಹೆಚ್ಚುತ್ತದೆ, ಶಾಲೆಯದು ಹಿಂದೆ ಸರಿಯುತ್ತದೆ. ಹೊಸ ಊಟ, ಹೊಸ ನಿದ್ದೆ, ಹೊಸ ಜನದ ನಡುವೆ ಮೊದಲ ಸೆಮಿಸ್ಟರಿನಲ್ಲೇ ಎಲ್ಲರಿಗಿಂತ ಮುಂದಿರಬೇಕು ಅನ್ನುವುದು ದೊಡ್ಡ ಭಾರ. ಇದನ್ನು ಮೊದಲೇ ಗೊತ್ತಿಟ್ಟುಕೊಂಡು ಹೋದರೆ ಹೊರಬಹುದು.

ಇನ್ನು ಪೇಪರ್‌ಗಳ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ನಾನು ಅತಿ ಹೆಚ್ಚು ಕಣ್ಣೀರು ನೋಡಿದ್ದು ಇಲ್ಲೇ.

ಒಂದೊಂದು ಪೇಪರ್ ಮುಗಿಸಿದಾಗಲೂ ಅದರ ಓದಿನ ಗಂಟೆಗೆ ತಕ್ಕಂತೆ ನಿನ್ನ ಹೆಸರಿಗೆ ಸೇರುವ ಲೆಕ್ಕವೇ ಕ್ರೆಡಿಟ್. ಅದನ್ನು ‘ಒಪ್ಪಿಕೊಳ್ಳುವುದು’ ಬೇರೆ, ಅದನ್ನು ‘ಮುಖ್ಯ ವಿಷಯದ ಲೆಕ್ಕಕ್ಕೆ ಹಿಡಿಯುವುದು’ ಬೇರೆ. ಒಂದು ಸಲ ಒಬ್ಬ ಹುಡುಗಿ ಬಂದಿದ್ದಳು, ಅವಳದೂ ನಿನ್ನ ವಿಷಯವೇ. ಹಳೆಯ ಕಾಲೇಜಿನಲ್ಲಿ ‘ಸಂಖ್ಯಾಶಾಸ್ತ್ರ ಪ್ರವೇಶ’ ಅನ್ನುವ ಪೇಪರ್‌ನಲ್ಲಿ ತರಗತಿಗೇ ಮೊದಲಿಗಳು. ನಮ್ಮಲ್ಲೂ ಅದೇ ಹೆಸರಿನ ಪೇಪರ್ ಇತ್ತು. ಎರಡೂ ಸಿಲಬಸ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಅವಳದರಲ್ಲಿ ಸರಾಸರಿ, ಮಧ್ಯಾಂಕ, ವಿಚಲನೆ, ಸ್ತಂಭಾಲೇಖ, ಹೀಗೆ ಅಂಕಿ ಅಂಶಗಳನ್ನು ವಿವರಿಸುವ ಭಾಗವೇ ತುಂಬಿತ್ತು, ಕ್ಯಾಲ್ಕುಲಸ್‌ನ ಸುಳಿವಿರಲಿಲ್ಲ. ನಮ್ಮದು ಸಂಭವನೀಯತೆಯ ಸಾಂದ್ರತಾ ಫಲನದಿಂದಲೇ ಶುರುವಾಗುತ್ತಿತ್ತು, ಅದಕ್ಕೆ ಕ್ಯಾಲ್ಕುಲಸ್‌ನ ಅನುಕಲನ ಗೊತ್ತಿರಲೇಬೇಕು. ಹೆಸರು ಒಂದೇ, ಒಳಗಿನ ವಿದ್ಯೆ ಬೇರೆ. ವಿಭಾಗದವರು ಅವಳ ಕ್ರೆಡಿಟ್ ಒಪ್ಪಿಕೊಂಡರು, ಆದರೆ ಐಚ್ಛಿಕ ಪೇಪರ್ ಅಂತ. ಮುಖ್ಯ ವಿಷಯದ ಪೇಪರ್ ಅವಳು ಮತ್ತೆ ಓದಬೇಕಾಯಿತು. ಅದು ಮುಗಿಯದೆ ಮುಂದಿನದಕ್ಕೆ ಕೂರುವಂತಿಲ್ಲ, ಮುಂದಿನದು ವರ್ಷಕ್ಕೊಂದೇ ಸಲ ನಡೆಯುವುದು. ಒಂದು ಪೇಪರ್‌ನಿಂದ ಪೂರ್ತಿ ಒಂದು ವರ್ಷ ಹೋಯಿತು. ಕಾಗದದ ಮೇಲೆ ಅವಳ ಒಂದೇ ಒಂದು ಕ್ರೆಡಿಟ್ಟೂ ಕಳೆದಿರಲಿಲ್ಲ.

ಕ್ರೆಡಿಟ್ಟನ್ನೇ ಕಳೆದುಕೊಳ್ಳುವವರೂ ಕಡಿಮೆಯಿಲ್ಲ. ಅಮೆರಿಕದ ಸಂಸತ್ತಿಗೆ ಲೆಕ್ಕ ಒಪ್ಪಿಸುವ ಸರ್ಕಾರಿ ಸಂಸ್ಥೆ 2017ರಲ್ಲಿ ಕೊಟ್ಟ ವರದಿಯ ಅಂದಾಜಿನ ಪ್ರಕಾರ, ಕಾಲೇಜು ಬದಲಾಯಿಸಿದವರು ಸರಾಸರಿ ತಮ್ಮ ಕ್ರೆಡಿಟ್‌ಗಳಲ್ಲಿ ಶೇ. 43ರಷ್ಟನ್ನು ಕಳೆದುಕೊಂಡಿದ್ದರು. ಒಂದು ಸರ್ಕಾರಿ ಕಾಲೇಜಿನಿಂದ ಇನ್ನೊಂದು ಸರ್ಕಾರಿ ಕಾಲೇಜಿಗೆ ಹೋದವರಿಗೂ ಶೇ. 37ರಷ್ಟು ಹೋಗಿತ್ತು. ಯುರೋಪಿನಲ್ಲಿ 1989ರಿಂದ ಒಂದು ಸಾಮಾನ್ಯ ಕ್ರೆಡಿಟ್ ಪದ್ಧತಿ ಇದೆ. ವರ್ಷಕ್ಕೆ 60 ಕ್ರೆಡಿಟ್, ಒಂದೊಂದಕ್ಕೆ 25ರಿಂದ 30 ಗಂಟೆಯ ಓದು. ಅಳತೆಗೋಲು ಒಂದೇ ಇದ್ದರೆ ದಾರಿ ಸುಲಭವಾಗುತ್ತದೆ ನಿಜ. ಆದರೆ ಅಳತೆಗೋಲು ಗಂಟೆಯನ್ನು ಅಳೆಯುತ್ತದೆ, ಸಿಲಬಸ್‌ನೊಳಗೆ ಕ್ಯಾಲ್ಕುಲಸ್ ಇದೆಯೋ ಇಲ್ಲವೋ ಅನ್ನುವುದನ್ನು ಒಬ್ಬ ಮನುಷ್ಯ ಕೂತು ಓದಿಯೇ ನೋಡಬೇಕು.

ಹಾಗಾಗಿ ನೀನು ಸೇರುವ ಮೊದಲೇ, ಈ ವಾರವೇ, ನಿನಗೆ ಬೇಕಾದ ಆ ಕಾಲೇಜಿನ ಮೂರನೇ ಸೆಮಿಸ್ಟರಿನ ಪೇಪರ್‌ಗಳನ್ನು ತೆಗೆದು ನೋಡು. ಅವುಗಳಿಗೆ ಏನೇನು ಗೊತ್ತಿರಬೇಕು ಅಂತ ಬರೆದುಕೊಂಡು, ಅಲ್ಲಿಂದ ಹಿಂದಕ್ಕೆ ನಡೆದುಕೊಂಡು ಬಾ. ಸಂಖ್ಯಾಶಾಸ್ತ್ರಕ್ಕಾದರೆ ಕ್ಯಾಲ್ಕುಲಸ್, ರೇಖೀಯ ಬೀಜಗಣಿತ, ಸಂಭವನೀಯತೆ, ಈ ಮೂರು ಬೇಕೇ ಬೇಕು. ನೀನು ಸೇರುವ ಕಾಲೇಜಿನಲ್ಲಿ ಇವು ಮೊದಲ ವರ್ಷ ಸಿಗುತ್ತವೆಯೇ? ಗಣಿತ ವಿಭಾಗವಾದ್ದರಿಂದ ಮೊದಲ ಎರಡು ಇರುವ ಸಂಭವ ಹೆಚ್ಚು. ನನ್ನ ಕೇಳಿದರೆ, ಅಲ್ಲಿ ಸಿಗುವ ಸಂಖ್ಯಾಶಾಸ್ತ್ರದ ಹಗುರ ಪೇಪರ್‌ಗಿಂತ ಗಣಿತದ ಗಟ್ಟಿ ಪೇಪರ್‌ಗಳೇ ನಿನ್ನನ್ನು ಆ ಬಾಗಿಲ ಹತ್ತಿರ ಕರೆದೊಯ್ಯುತ್ತವೆ.

ಆಮೇಲೆ ಆ ಕಾಲೇಜಿಗೆ ಒಂದು ಪತ್ರ ಬರೆ. ಫೋನ್ ಬೇಡ, ಬರಹದಲ್ಲೇ ಉತ್ತರ ಬರಲಿ. ಕಳೆದ ಎರಡು ವರ್ಷ ನಿಮ್ಮ ಸಂಖ್ಯಾಶಾಸ್ತ್ರ ವಿಭಾಗಕ್ಕೆ ಎರಡನೇ ವರ್ಷದಲ್ಲಿ ಎಷ್ಟು ಜನರನ್ನು ತೆಗೆದುಕೊಂಡಿರಿ ಅಂತ ಕೇಳು. ಕಾಲೇಜಿಗೆ ಅಲ್ಲ, ವಿಭಾಗಕ್ಕೆ. ವರ್ಗಾವಣೆ ಸೀಟು ಅಂದರೆ ಯಾರೋ ಬಿಟ್ಟುಹೋದ ಸೀಟು, ಯಾರೂ ಬಿಡದ ವರ್ಷ ಸೀಟೇ ಇರುವುದಿಲ್ಲ. ಅಮೆರಿಕದ ಪ್ರಿನ್ಸ್‌ಟನ್‌ನಂಥ ವಿಶ್ವವಿದ್ಯಾಲಯ 1990ರ ನಂತರ 2018ರವರೆಗೆ ವರ್ಗಾವಣೆಯವರನ್ನು ತೆಗೆದುಕೊಳ್ಳಲೇ ಇಲ್ಲ. ಪದವಿ ಕೊಡಬೇಕಾದರೆ ಕನಿಷ್ಠ ಎಷ್ಟು ಕ್ರೆಡಿಟ್ ನಿಮ್ಮಲ್ಲೇ ಓದಿರಬೇಕು ಅಂತಲೂ ಕೇಳು, ಎಲ್ಲ ಕಡೆಯೂ ಇಂಥದೊಂದು ನಿಯಮ ಇರುತ್ತದೆ. ಬೇರೆ ಬೇರೆ ಕಾಲೇಜುಗಳಲ್ಲಿ ಗಳಿಸಿದ ಕ್ರೆಡಿಟ್‌ಗಳನ್ನು ಒಂದೇ ಖಾತೆಯಲ್ಲಿ ಕೂಡಿಡಲು ಭಾರತದಲ್ಲಿ 2021ರಲ್ಲಿ ಬಂದ ಕ್ರೆಡಿಟ್ ಬ್ಯಾಂಕ್ ನಿಯಮದಲ್ಲಿ ಅದು ಅರ್ಧಕ್ಕೆ ಕಡಿಮೆಯಿಲ್ಲ. ಕ್ರೆಡಿಟ್ ಬ್ಯಾಂಕಿನಲ್ಲಿ ಜಮೆಯಾಗಿದೆ ಅಂದಮಾತ್ರಕ್ಕೆ ಸೀಟೂ ಸಿಕ್ಕಿತು ಅಂದುಕೊಳ್ಳಬೇಡ, ಅವೆರಡೂ ಬೇರೆ ಬೇರೆ. ಮೂರನೆಯದು, ವರ್ಗವಾಗಿ ಬಂದವರಿಗೆ ವಿದ್ಯಾರ್ಥಿವೇತನ ಉಂಟೇ, ಹಾಸ್ಟೆಲ್ ಉಂಟೇ ಅನ್ನುವುದು. ಎಷ್ಟೋ ಕಡೆ ಇವೆರಡೂ ಮೊದಲ ವರ್ಷ ಸೇರಿದವರಿಗೇ ಮೀಸಲು. ಇಲ್ಲಿ ಈಗ ನಿನಗೆ ಅರ್ಧ ಶುಲ್ಕ ಮಾಫಿ ಇದೆ. ಅದನ್ನು ಬಿಟ್ಟು ಪೂರ್ತಿ ಶುಲ್ಕದ ಕಡೆಗೆ ಹೋಗುತ್ತಿದ್ದೇನೆ ಅನ್ನುವುದು ಅಪ್ಪನ ಲೆಕ್ಕದಲ್ಲಿ ಇದೆಯೋ ಇಲ್ಲವೋ, ಒಮ್ಮೆ ಅವರ ಜೊತೆ ಕೂತು ಮಾತಾಡು.

ಸೇರಿದ ಮೇಲೆ ಒಂದು ಫೈಲು ಇಟ್ಟುಕೋ. ಪ್ರತಿ ಪೇಪರ್‌ನ ಪೂರ್ತಿ ಸಿಲಬಸ್, ಓದಿಸಿದ ಪುಸ್ತಕಗಳ ಹೆಸರು, ವಾರಕ್ಕೆ ಎಷ್ಟು ಗಂಟೆ ಪಾಠ, ಎಷ್ಟು ಗಂಟೆ ಪ್ರಯೋಗ, ತಿದ್ದಿ ಕೊಟ್ಟ ಉತ್ತರ ಪತ್ರಿಕೆ, ಎಲ್ಲ ಅದರಲ್ಲಿರಲಿ. ಸಿಲಬಸ್ ವರ್ಷ ವರ್ಷ ಬದಲಾಗುತ್ತದೆ, ಆಮೇಲೆ ಹುಡುಕಿದರೆ ನೀನು ಓದಿದ ವರ್ಷದ್ದು ಸಿಗುವುದಿಲ್ಲ. ನಮ್ಮ ಮೇಜಿಗೆ ಬಂದ ಒಬ್ಬ ಹುಡುಗ ಇಂಥ ಫೈಲು ತಂದಿದ್ದ. ಒಂದೊಂದು ಪೇಪರ್‌ಗೂ ಒಂದೊಂದು ಬಣ್ಣದ ಚೀಟಿ. ಭೌತಶಾಸ್ತ್ರ ವಿಭಾಗದವರು ಅವನ ಪ್ರಯೋಗಾಲಯದ ಗಂಟೆಗಳು ಸಾಲವು ಅಂದಾಗ, ಅವನು ರೆಕಾರ್ಡ್ ಪುಸ್ತಕ ತೆರೆದು ಪ್ರತಿ ಪ್ರಯೋಗದ ತಾರೀಖು, ಕೆಳಗೆ ಅಧ್ಯಾಪಕರ ಸಹಿ ತೋರಿಸಿದ. ಅಲ್ಲೇ, ನನ್ನೆದುರಲ್ಲೇ, ‘ಸಲ್ಲುವುದಿಲ್ಲ’ ಅಂತ ಬರೆದದ್ದನ್ನು ಹೊಡೆದು ‘ಸಲ್ಲುತ್ತದೆ’ ಅಂತ ಬರೆದರು.

ಅಣ್ಣನ ಮಾತಿಗೂ ಉತ್ತರ ಕೊಡಬೇಕು. ಸರ್ಟಿಫಿಕೇಟ್ ಮೇಲೆ ಕೊನೆಯ ಕಾಲೇಜಿನ ಹೆಸರೇ ಇರುತ್ತದೆ, ನಿಜ. ಆದರೆ ಉದ್ಯೋಗಕ್ಕೆ, ಮುಂದಿನ ಓದಿಗೆ ಅಂಕಪಟ್ಟಿಗಳು ಎರಡೂ ಕಡೆಯವು ಬೇಕಾಗುತ್ತವೆ, ಮೊದಲ ವರ್ಷ ಅಳಿಸಿಹೋಗುವುದಿಲ್ಲ. ಬರೀ ಹೆಸರಿಗಾಗಿ ಹೋಗುವ ವರ್ಗಾವಣೆ ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ವಿಷಯಕ್ಕಾಗಿ, ಮನಸ್ಸಿಗೆ ಬೇಕಾದ ಜಾಗಕ್ಕಾಗಿ ಹೋಗುವುದಾದರೆ ಮಾತು ಬೇರೆ. ಬರಾಕ್ ಒಬಾಮ 1979ರಲ್ಲಿ ಲಾಸ್ ಏಂಜಲೀಸ್‌ನ ಆಕ್ಸಿಡೆಂಟಲ್ ಕಾಲೇಜಿಗೆ ಸೇರಿ, ಎರಡು ವರ್ಷ ಅಲ್ಲಿ ಓದಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ 1983ರಲ್ಲಿ ಪದವಿ ಪಡೆದರು. ಹೂಡಿಕೆದಾರ ವಾರನ್ ಬಫೆಟ್ ಇದಕ್ಕೆ ತದ್ವಿರುದ್ಧ. ಹೆಸರುವಾಸಿ ವಾರ್ಟನ್ ಬಿಸಿನೆಸ್ ಸ್ಕೂಲಿನಲ್ಲಿ ಎರಡು ವರ್ಷ ಓದಿ, ಅದನ್ನು ಬಿಟ್ಟು ತಮ್ಮ ರಾಜ್ಯದ ನೆಬ್ರಾಸ್ಕಾ ವಿಶ್ವವಿದ್ಯಾಲಯಕ್ಕೆ ಹೋಗಿ ಪದವಿ ಮುಗಿಸಿದರು. ಅಣ್ಣನಿಗೆ ಇದನ್ನು ಹೇಳು.

ನಿನ್ನ ವಿಷಯದಲ್ಲಿ ನನಗೆ ಅನ್ನಿಸುವುದು: ಆ ಕಾಲೇಜಿಗೆ ಸೇರು, ಗಣಿತ ಓದು. ವರ್ಗಾವಣೆಗೆ ಒಂದು ಸಲ ಮನಸಾರೆ ಪ್ರಯತ್ನ ಮಾಡು. ಸಿಗದಿದ್ದರೆ ಆ ಬಾಗಿಲಲ್ಲೇ ನಿಂತು ಎರಡನೇ ವರ್ಷವನ್ನೂ ಹಾಳು ಮಾಡಿಕೊಳ್ಳಬೇಡ. ಇನ್ನೊಂದು ಬಾಗಿಲಿದೆ, ಅದರಲ್ಲಿ ಯಾರೂ ಕ್ರೆಡಿಟ್ ಎಣಿಸುವುದಿಲ್ಲ. ಪದವಿ ಇಲ್ಲಿ, ಸ್ನಾತಕೋತ್ತರ ಅಲ್ಲಿ. ಸಂಖ್ಯಾಶಾಸ್ತ್ರಕ್ಕೆ ಈ ದಾರಿ ತೀರ ಸಹಜ, ಅದರ ಒಳಗೆಲ್ಲ ಇರುವುದು ಗಣಿತವೇ. ಹೆಸರಾಂತ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರೇ ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತದ ಸ್ನಾತಕೋತ್ತರ ಪದವಿ ಮುಗಿಸಿ, ಆಮೇಲೆ ಕಲ್ಕತ್ತಾಕ್ಕೆ ಹೋಗಿ 1943ರಲ್ಲಿ ಸಂಖ್ಯಾಶಾಸ್ತ್ರದಲ್ಲಿ ಇನ್ನೊಂದು ಸ್ನಾತಕೋತ್ತರ ಪದವಿ ಪಡೆದವರು.

ಹೋದ ದಿನವೇ ಟ್ರಂಕು ಪೂರ್ತಿ ಖಾಲಿ ಮಾಡಿ ಬಟ್ಟೆ ಗೂಡಿನಲ್ಲಿ ಜೋಡಿಸು. ಮುಂದಿನ ಬೆಂಚಿನಲ್ಲಿ ಕೂರು. ಅರ್ಥವಾಗದ್ದನ್ನು ತರಗತಿ ಮುಗಿದ ಮೇಲೆ ಮೇಷ್ಟ್ರ ಹಿಂದೆಯೇ ಹೋಗಿ ಕೇಳು. ಅಲ್ಲಿಂದ ಹೋಗುವುದಾದರೂ ನಿನ್ನನ್ನು ಕಳಿಸಿಕೊಡಬೇಕಾದವರು ಅಲ್ಲಿಯವರೇ.

ಪ್ರಶ್ನೆ: ನಮ್ಮ ಮಗನನ್ನು ವರ್ಗಾವಣೆ ಮಾಡಿಸುವ ಉದ್ದೇಶದಿಂದಲೇ ಒಂದು ಚಿಕ್ಕ ಕಾಲೇಜಿಗೆ ಸೇರಿಸಿದ್ದೆವು. ಈಗ ಮೊದಲ ಸೆಮಿಸ್ಟರ್ ಮುಗಿದಿದೆ, ಅಂಕಗಳೂ ಚೆನ್ನಾಗಿವೆ. ಆದರೆ ಅವನು ‘ನಾನು ಇಲ್ಲೇ ಇರುತ್ತೇನೆ’ ಅನ್ನುತ್ತಿದ್ದಾನೆ. ಗೆಳೆಯರ ಸೆಳೆತ ಅಂತ ನಮಗೆ ಭಯ. ಒತ್ತಾಯ ಮಾಡಬಹುದೇ?

ಉತ್ತರ: ಒತ್ತಾಯ ಮಾಡಬೇಡಿ, ಆದರೆ ಕಾರಣ ಕೇಳಿ. ‘ಗೆಳೆಯರಿದ್ದಾರೆ’ ಅಂದರೆ ಇನ್ನೂ ಎರಡು ಮಾತು ಆಡುವ ಅವಕಾಶವಿದೆ. ‘ಈ ಪ್ರಾಧ್ಯಾಪಕರ ಜೊತೆ ಕೆಲಸ ಶುರುಮಾಡಿದ್ದೇನೆ, ಲೈಬ್ರರಿಯಲ್ಲಿ ಇಂಥದ್ದು ಸಿಕ್ಕಿದೆ’ ಅನ್ನುವ ಥರದ ಉತ್ತರ ಬಂದರೆ ದಯವಿಟ್ಟು ಸುಮ್ಮನಿರಿ. ಚಿಕ್ಕ ಕಾಲೇಜಿನಲ್ಲಿ ಮೇಷ್ಟ್ರಿಗೆ ಹೆಸರು ಹಿಡಿದು ಕರೆಯುವಷ್ಟು ಪರಿಚಯವಾದ ಹುಡುಗ, ದೊಡ್ಡ ಕಾಲೇಜಿನಲ್ಲಿ ಇನ್ನೂರು ಜನರ ನಡುವೆ ಮತ್ತೆ ಮೊದಲಿಂದ ಶುರುಮಾಡಬೇಕು. ನೀವು ಹಾಕಿಕೊಂಡ ಯೋಜನೆ ಅವನು ಆ ಕಾಲೇಜನ್ನು ನೋಡುವ ಮೊದಲು ಹಾಕಿದ್ದು. ಈಗ ಅವನು ನೋಡಿದ್ದಾನೆ. ಮನಸ್ಸು ಪೂರ್ತಿ ಗಟ್ಟಿಯಾಗಿಲ್ಲವಾದರೆ ಅರ್ಜಿ ಹಾಕಿಟ್ಟಿರಲಿ, ಸೀಟು ಬಂದ ಮೇಲೂ ಬೇಡ ಅನ್ನಬಹುದು. ತಾರೀಖು ದಾಟಿದ ಮೇಲೆ ಬೇಕು ಅಂದರೆ ಯಾರೂ ಏನೂ ಮಾಡಲಾಗುವುದಿಲ್ಲ.

ಪ್ರಶ್ನೆ: ನಾನು ಮೂರು ತಿಂಗಳ ಹಿಂದೆ ಬೇರೆ ಕಾಲೇಜಿನಿಂದ ಇಲ್ಲಿಗೆ ಎರಡನೇ ವರ್ಷಕ್ಕೆ ಬಂದೆ. ಅಲ್ಲಿ ಯಾವಾಗಲೂ ಮೊದಲ ಐದರಲ್ಲಿದ್ದವಳು, ಇಲ್ಲಿ ಮೊದಲ ಪರೀಕ್ಷೆಯಲ್ಲೇ ಹಿಂದೆ ಬಿದ್ದೆ. ಎಲ್ಲರಿಗೂ ಗುಂಪಿದೆ, ನನಗಿಲ್ಲ. ತಪ್ಪು ಮಾಡಿದೆ ಅನ್ನಿಸುತ್ತಿದೆ.

ಉತ್ತರ: ನೀನು ಹೇಳುತ್ತಿರುವುದಕ್ಕೆ ಒಂದು ಹೆಸರೇ ಇದೆ, ‘ವರ್ಗಾವಣೆಯ ಆಘಾತ’ ಅಂತ. 1965ರಲ್ಲೇ ಸಂಶೋಧಕರು ಇದನ್ನು ಗುರುತಿಸಿ ಬರೆದಿದ್ದಾರೆ. ಕಾಲೇಜು ಬದಲಾಯಿಸಿದವರ ಅಂಕಗಳು ಮೊದಲ ಅವಧಿಯಲ್ಲಿ ಕುಸಿಯುವುದು, ಆಮೇಲೆ ಹೆಚ್ಚಿನವರದು ಚೇತರಿಸಿಕೊಳ್ಳುವುದು ಮತ್ತೆ ಮತ್ತೆ ಕಂಡುಬಂದಿದೆ. ನಿನ್ನ ಬುದ್ಧಿ ಮೂರು ತಿಂಗಳಲ್ಲಿ ಕಡಿಮೆಯಾಗಿಲ್ಲ. ಇಲ್ಲಿಯ ಪ್ರಶ್ನೆಗಳ ಧಾಟಿ, ಮೌಲ್ಯಮಾಪನದ ರೀತಿ ನಿನ್ನ ಸಹಪಾಠಿಗಳಿಗೆ ಒಂದು ವರ್ಷದಿಂದ ರೂಢಿ, ನಿನಗೆ ಹೊಸದು.

ಹೋಗಿ ನಿನ್ನ ಉತ್ತರ ಪತ್ರಿಕೆ ಕೇಳಿ ತೆಗೆದುಕೋ. ಅಂಕ ಹೋದ ಕಡೆಯಲ್ಲೆಲ್ಲ ಗೆರೆ ಎಳೆದು, ಗೊತ್ತಿಲ್ಲದೆ ಹೋದದ್ದು ಯಾವುದು, ಗೊತ್ತಿದ್ದೂ ಅವರು ಬಯಸಿದ ರೀತಿ ಬರೆಯದೆ ಹೋದದ್ದು ಯಾವುದು ಅಂತ ಬೇರೆ ಮಾಡು. ಎರಡನೆಯದೇ ಹೆಚ್ಚಿದ್ದರೆ ಮುಂದಿನ ಪರೀಕ್ಷೆಗೆ ಸರಿಹೋಗುತ್ತದೆ. ಮೊದಲನೆಯದು ಹೆಚ್ಚಿದ್ದರೆ, ಇಲ್ಲಿಯ ಮೊದಲ ವರ್ಷದಲ್ಲಿ ಕಲಿಸಿದ ಯಾವುದೋ ಭಾಗ ನಿನ್ನ ಹಳೆಯ ಕಾಲೇಜಿನಲ್ಲಿ ತಪ್ಪಿದೆ ಅಂತ ಅರ್ಥ. ಆಗ ಮೊದಲ ವರ್ಷದವರ ತರಗತಿಗೆ ಹೋಗಿ ಹಿಂದೆ ಕೂರಲು ಅಧ್ಯಾಪಕರ ಅನುಮತಿ ಕೇಳು. ನಾಚಿಕೆ ಪಡಬೇಡ, ಕೇಳಿದವರಿಗೆ ‘ಬೇಡ’ ಅಂದವರನ್ನು ನಾನು ಕಂಡಿಲ್ಲ.

ಗುಂಪಿನ ವಿಷಯ. ನಿನ್ನ ಹಾಗೆ ಈ ವರ್ಷ ಬೇರೆ ಕಾಲೇಜಿನಿಂದ ಬಂದವರು ಇನ್ನೂ ಒಬ್ಬಿಬ್ಬರಾದರೂ ಇರುತ್ತಾರೆ, ಅವರೂ ಎಲ್ಲೋ ಒಂಟಿಯಾಗಿ ಕೂತಿರುತ್ತಾರೆ. ಕಚೇರಿಯಲ್ಲಿ ನನ್ನಂಥವಳು ಒಬ್ಬಳು ಇದ್ದೇ ಇರುತ್ತಾಳೆ. ‘ಈ ವರ್ಷ ವರ್ಗವಾಗಿ ಬಂದವರನ್ನು ಒಮ್ಮೆ ಒಟ್ಟಿಗೆ ಸೇರಿಸಿ ಕೊಡುತ್ತೀರಾ’ ಅಂತ ಅವಳನ್ನು ಕೇಳು. ನನ್ನ ಕೊನೆಯ ವರ್ಷ ಒಬ್ಬ ಹುಡುಗಿ ಹೀಗೆ ಬಂದು ಕೇಳಿದಳು. ಏಳು ಜನ ಇದ್ದರು. ಅಲ್ಲಿಯವರೆಗೆ ಆ ಏಳು ಜನಕ್ಕೂ ತಾನೊಬ್ಬನೇ, ತಾನೊಬ್ಬಳೇ ಅಂತ ಇತ್ತು.